ಇಟಾಲಿಯನ್ ಕೊಂಜುಂತೀವೊ: 'ಬರಲಿ', 'ಬಂದಾನು', 'ಬಂದಿದ್ದರೆ' ಹಿಡಿದು ಕಲಿಯುವ ಕ್ರಮ

ಇಟಾಲಿಯನ್ ಕಲಿಯುವ ಕನ್ನಡಿಗರು ಹೆಚ್ಚಾಗಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಅನುಮಾನ, ಆಸೆ, ಭಯದ ಮಾತಿಗೆ ಬರುವ 'ಕೊಂಜುಂತೀವೊ' ಅನ್ನುವ ಕ್ರಿಯಾರೂಪದ ಪಟ್ಟಿ ಬಾಯಿಪಾಠ ಆಗಿರುತ್ತದೆ, ಬಿಟ್ಟ ಸ್ಥಳಗಳನ್ನು ಸರಿಯಾಗಿಯೇ ತುಂಬಿರುತ್ತಾರೆ, ಬಾಯಿ ತೆರೆದರೆ ಮಾತ್ರ 'ಪೆನ್ಸೊ ಕೆ ಎ' (ಹಾಗಿದೆ ಅನ್ಸುತ್ತೆ; ಸರಿಯಾದದ್ದು 'ಪೆನ್ಸೊ ಕೆ ಸೀಯಾ') ಅನ್ನುವ ತಪ್ಪು ವಾಕ್ಯವೇ ಹೊರಡುತ್ತದೆ. ಇದಕ್ಕೆ ಕಾರಣ ಎರಡು. ನಾವು ಇದನ್ನು ಇಂಗ್ಲಿಷ್ ಪುಸ್ತಕಗಳ ಮೂಲಕ ಕಲಿಯುತ್ತೇವೆ, ಇಂಗ್ಲಿಷಿನಲ್ಲೋ ಈ ರೂಪ ಬಹುಪಾಲು ಸವೆದುಹೋಗಿದೆ. ಜೊತೆಗೆ, ಪಟ್ಟಿ ಮುಗಿಸಿ ಆಮೇಲೆ ಮಾತಿಗೆ ಹೋಗುತ್ತೇವೆ. ಕ್ರಮ ತಿರುಗಾ ಮುರುಗಾ ಆಗಬೇಕು: ಮೊದಲು ಅಂಗಡಿಯಲ್ಲಿ ಆಡುವ ಮಾತು, ಆಮೇಲೆ ಪಟ್ಟಿ.

ಕನ್ನಡದಲ್ಲಿ ಈ ಕೆಲಸ ಮಾಡುವ ರೂಪಗಳು ಇನ್ನೂ ಜೀವಂತವಾಗಿವೆ. ಶಾಲೆಯಲ್ಲಿ ವಿಧ್ಯರ್ಥಕ, ಸಂಭಾವನಾರ್ಥಕ ಅಂತ ಓದಿ ಮರೆತದ್ದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

## ಶುರು ಮಾಡುವ ಮೊದಲು

ವರ್ತಮಾನ ಕಾಲದ 'ನಾನು' ರೂಪಗಳು ತಡವರಿಸದೆ ಬರಬೇಕು. ಪರೀಕ್ಷೆ ಸುಲಭ. ಇಪ್ಪತ್ತು ಕ್ರಿಯಾಪದ ಬರೆದುಕೊಂಡು, ಒಂದು ನಿಮಿಷದೊಳಗೆ ಎಲ್ಲದರ 'ನಾನು' ರೂಪ ಹೇಳಿ: ವೆಂಗೊ (ಬರುತ್ತೇನೆ), ವಾದೊ (ಹೋಗುತ್ತೇನೆ), ಫಚ್ಚೊ (ಮಾಡುತ್ತೇನೆ), ದೀಕೊ (ಹೇಳುತ್ತೇನೆ), ಹೀಗೆ. ಐದಕ್ಕಿಂತ ಹೆಚ್ಚು ತಪ್ಪಿದರೆ ಮೊದಲು ಅದನ್ನೇ ಸರಿಮಾಡಿಕೊಳ್ಳಿ. ವರ್ತಮಾನದ ಕೊಂಜುಂತೀವೊ ಬಹುಪಾಲು ಈ ಬುನಾದಿಯ ಮೇಲೆಯೇ ನಿಲ್ಲುತ್ತದೆ.

ಬೇಕಾದ ಸಾಮಾನು: ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ನಲವತ್ತು ಚಿಕ್ಕ ಕಾರ್ಡು, ಮೊಬೈಲಿನ ಧ್ವನಿಮುದ್ರಣ. ದಿನಕ್ಕೆ ಅರ್ಧ ಗಂಟೆಯಂತೆ ಆರೇಳು ವಾರ ಇಟ್ಟುಕೊಳ್ಳಿ.

ಲಿಪಿಯ ಬಗ್ಗೆ ಒಂದು ಮಾತು. ಇಲ್ಲಿ ಇಟಾಲಿಯನ್ ಪದಗಳೆಲ್ಲ ಕನ್ನಡದಲ್ಲಿವೆ, ಆದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ನಿಘಂಟು ನೋಡಿ ಇಟಾಲಿಯನ್ ಕಾಗುಣಿತವನ್ನೇ ಬರೆದುಕೊಳ್ಳಿ. 'ಕೆ' ಅನ್ನುವುದನ್ನು ಅವರು ಸಿ-ಎಚ್-ಇ ಎಂದು ಬರೆಯುತ್ತಾರೆ. ಒತ್ತಕ್ಷರ ಇದ್ದಲ್ಲಿ ಒತ್ತಿಯೇ ಹೇಳಿ. 'ಕತೆ', 'ಕತ್ತೆ' ಬೇರೆ ಮಾಡಬಲ್ಲ ನಾಲಿಗೆಗೆ ಇದು ಕಷ್ಟವಲ್ಲ. ಪದದ ಕೊನೆಯ 'ಆ' ಮಾತ್ರ ಎಳೆಯಬೇಡಿ, ಬಾಯಿ ಅಗಲಿಸಿದರೆ ಸಾಕು.

## ಹಂತ 1: ಕನ್ನಡದಲ್ಲಿ ಮೊದಲು ವಿಂಗಡಿಸಿ (3 ದಿನ)

ಈ ನಾಲ್ಕು ವಾಕ್ಯಗಳನ್ನು ಒಂದರ ಕೆಳಗೊಂದು ಬರೆಯಿರಿ.

- ಅವನು ಬರ್ತಾನೆ ಅಂತ ಗೊತ್ತು: 'ಸೊ ಕೆ ವ್ಯೇನೆ'
- ಅವನು ಬಂದಾನು ಅನ್ಸುತ್ತೆ: 'ಪೆನ್ಸೊ ಕೆ ವೆಂಗಾ'
- ಅವನು ಬರಲಿ ಅಂತ ನನ್ನಾಸೆ: 'ವೊಲ್ಯೊ ಕೆ ವೆಂಗಾ'
- ಎಲ್ಲಿ ಮಳೆ ಬಂದೀತೋ ಅಂತ ಭಯ: 'ಒ ಪಾವೂರಾ ಕೆ ಪ್ಯೋವಾ'

ಮೊದಲನೆಯದು ಖಾತ್ರಿ ಮಾತು, ಹಾಗಾಗಿ ಸಾಮಾನ್ಯ ರೂಪ 'ವ್ಯೇನೆ'. ಉಳಿದ ಮೂರರಲ್ಲಿ ಕನ್ನಡವೂ ರೂಪ ಬದಲಿಸಿದೆ: ಬಂದಾನು, ಬರಲಿ, ಬಂದೀತು. ಕನ್ನಡ ಎರಡು ಬೇರೆ ರೂಪಗಳಿಂದ ಮಾಡುವ ಕೆಲಸವನ್ನು ಇಟಾಲಿಯನ್ ಒಂದೇ ಕೊಂಜುಂತೀವೊದಿಂದ ಮಾಡಿ ಮುಗಿಸುತ್ತದೆ.

ತಪ್ಪು ಸೋರುವ ಜಾಗವೂ ಇಲ್ಲೇ ಇದೆ. ಆಡುಮಾತಿನಲ್ಲಿ ನಾವು 'ಬಂದಾನು' ಬಿಟ್ಟು 'ಅವನು ಬರ್ತಾನೆ ಅನ್ಸುತ್ತೆ' ಅಂತಲೇ ಹೇಳಿಬಿಡುತ್ತೇವೆ. ಅದನ್ನು ಪದಕ್ಕೆ ಪದ ಸಾಗಿಸಿದರೆ 'ಪೆನ್ಸೊ ಕೆ ವ್ಯೇನೆ' ಆಗುತ್ತದೆ. 'ಅನ್ಸುತ್ತೆ' ಅಂತ ಹೇಳಹೊರಟಾಗಲೆಲ್ಲ ಮನಸ್ಸಿನಲ್ಲಿ 'ಬರ್ತಾನೆ'ಯನ್ನು 'ಬಂದಾನು' ಅಥವಾ 'ಬರಬಹುದು' ಮಾಡಿಕೊಳ್ಳಿ, ಆಮೇಲೆ ಇಟಾಲಿಯನ್ನಿಗೆ ದಾಟಿ. ಮೂರು ದಿನ ಇದಿಷ್ಟೇ ಅಭ್ಯಾಸ. ಕನ್ನಡ ಪತ್ರಿಕೆಯ ಯಾವುದಾದರೂ ವರದಿಯಲ್ಲಿ ಖಾತ್ರಿ ಮಾತಿಗೆ ಒಂದು ಬಣ್ಣ, ಅನುಮಾನ ಮತ್ತು ಆಸೆಯ ಮಾತಿಗೆ ಇನ್ನೊಂದು ಬಣ್ಣದ ಗೆರೆ ಎಳೆಯಿರಿ.

ಹೋಲಿಕೆ ಒಂದು ಕಡೆ ಕೈಕೊಡುತ್ತದೆ. 'ನೀನು ಇಲ್ಲಿರೋದು ಖುಷಿ' ಅನ್ನುವಾಗ ನಮಗೆ ಅನುಮಾನವೂ ಇಲ್ಲ, ಆಸೆಯೂ ಇಲ್ಲ. ಇಟಾಲಿಯನ್ ಮಾತ್ರ 'ಸೋನೊ ಕೊಂತೆಂತೊ ಕೆ ತೂ ಸೀಯಾ ಕ್ವೀ' ಎಂದು ಕೊಂಜುಂತೀವೊ ಹಾಕುತ್ತದೆ. ಖುಷಿ, ಬೇಸರ, ಆಶ್ಚರ್ಯ, ಯಾವ ಭಾವ ಮುಂದೆ ಬಂದರೂ ಹೀಗೆಯೇ. ಇದನ್ನು ಬಾಯಿಪಾಠ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ.

## ಹಂತ 2: ಅಂಗಡಿಯ ಕೌಂಟರಿನಿಂದ ಶುರು (1 ವಾರ)

ಹೆಚ್ಚಿನ ಪಠ್ಯಪುಸ್ತಕಗಳು 'ನನಗನ್ನಿಸುತ್ತದೆ' ಮಾದರಿಯ ಉದ್ದ ವಾಕ್ಯಗಳಿಂದ ಹೊರಡುತ್ತವೆ. ಅದಕ್ಕಿಂತ ಚಿಕ್ಕ ದಾರಿ ಇದೆ: ಮರ್ಯಾದೆಯ ಮಾತು. ಇಟಾಲಿಯನ್ನಿನಲ್ಲಿ 'ನೀವು' ಅನ್ನಲು 'ಲೇಯಿ' ಎನ್ನುತ್ತಾರೆ. ಅದರ ಮೂಲ ಅರ್ಥ 'ಆಕೆ'. ಎದುರಿಗೆ ನಿಂತವರನ್ನೇ ಪ್ರಥಮ ಪುರುಷದಲ್ಲಿ ಮಾತಾಡಿಸುವುದು. ನಮ್ಮ ಪೌರಾಣಿಕ ನಾಟಕದಲ್ಲಿ ದೂತ ದೊರೆಯ ಎದುರೇ ನಿಂತು 'ಪ್ರಭುಗಳು ಅಪ್ಪಣೆ ಕೊಡಲಿ' ಅನ್ನುವುದಿಲ್ಲವೇ, ಹಾಗೆ. ಆ 'ಕೊಡಲಿ'ಯೇ ಕೊಂಜುಂತೀವೊ. ಹಾಗಾಗಿ ಇಟಲಿಯಲ್ಲಿ ಚೀಸ್ ಕೊಳ್ಳಲು ನಿಂತರೂ ಕೊಂಜುಂತೀವೊ ಬೇಕಾಗುತ್ತದೆ.

ಸಲುಮೆರೀಯಾ ಎಂದರೆ ಚೀಸ್, ಉಪ್ಪು ಹಾಕಿ ಒಣಗಿಸಿದ ಮಾಂಸ ಮಾರುವ ಅಂಗಡಿ. ಅಲ್ಲಿ ಹೋದ ತಕ್ಷಣ ಕೌಂಟರಿಗೆ ಹೋಗಬೇಡಿ, ಪಕ್ಕದಲ್ಲಿ ಚೀಟಿ ಕೊಡುವ ಯಂತ್ರ ಇದೆಯೇ ನೋಡಿ. ಆ ಸರದಿ ಚೀಟಿಗೆ 'ನುಮೆರೀನೊ' ಅನ್ನುತ್ತಾರೆ. ತೂಕ ಕೇಳುವುದು 'ಎತ್ತೊ' ಲೆಕ್ಕದಲ್ಲಿ. ಒಂದು ಎತ್ತೊ ಎಂದರೆ 100 ಗ್ರಾಂ. ನಿಮ್ಮ ಸರದಿ ಬಂದಾಗ:

ಅಂಗಡಿಯವರು: 'ಮಿ ದೀಕಾ.' (ಹೇಳಿ.)
ನೀವು: 'ಮಿ ದೀಯಾ ಉನ್ ಎತ್ತೊ ದಿ ಪ್ರೊವೊಲೋನೆ, ಪೆರ್ ಫವೋರೆ. ಲೊ ತಾಲ್ಯಿ ಸೊತ್ತೀಲೆ.' (ನೂರು ಗ್ರಾಂ ಪ್ರೊವೊಲೋನೆ ಚೀಸ್ ಕೊಡಿ. ತೆಳ್ಳಗೆ ಕತ್ತರಿಸಿ.)
ಅಂಗಡಿಯವರು: 'ಸೋನೊ ಚೆಂತೊವೆಂತಿ ಗ್ರಾಮ್ಮಿ, ಲಾಶ್ಶೊ?' (ನೂರಿಪ್ಪತ್ತು ಗ್ರಾಂ ಆಯ್ತು, ಇರಲಾ?)
ನೀವು: 'ಲಾಶ್ಶಿ ಪೂರೆ.' (ಇರಲಿ ಬಿಡಿ.)
ಅಂಗಡಿಯವರು: 'ಆಲ್ತ್ರೊ?' (ಇನ್ನೇನಾದರೂ?)
ನೀವು: 'ಬಸ್ತಾ ಕೊಸೀ, ಗ್ರಾತ್ಸ್ಯೆ.' (ಇಷ್ಟೇ ಸಾಕು, ಧನ್ಯವಾದ.)
ಅಂಗಡಿಯವರು: 'ಸಿ ಫಿಗೂರಿ.' (ಅಯ್ಯೋ, ಅದಕ್ಕೇನು.)

ದೀಕಾ, ದೀಯಾ, ತಾಲ್ಯಿ, ಲಾಶ್ಶಿ, ಫಿಗೂರಿ: ಅರ್ಧ ನಿಮಿಷದಲ್ಲಿ ಐದು ಕೊಂಜುಂತೀವೊ. 'ಲಾಶ್ಶೊ' ಮಾತ್ರ ಸಾಮಾನ್ಯ ರೂಪ, ಅಂಗಡಿಯವರು ತಾವು ಮಾಡುವ ಕೆಲಸದ ಬಗ್ಗೆ ಕೇಳುತ್ತಿರುವುದರಿಂದ. ಈ ಸಂಭಾಷಣೆಯನ್ನು ಎರಡೂ ಪಾತ್ರ ನೀವೇ ಆಗಿ ದಿನಕ್ಕೆ ಹತ್ತು ಸಲ ಜೋರಾಗಿ ಹೇಳಿ. ಪ್ರೊವೊಲೋನೆ ತೆಗೆದು ಬೇರೆ ಚೀಸ್ ಹಾಕಿ, ತೂಕ ಬದಲಿಸಿ, ಕ್ರಿಯಾಪದ ಮುಟ್ಟಬೇಡಿ.

ಮುಂದಿನ ಜೋಡಿಗಳಿಗೆ ಒಂದೊಂದು ಕಾರ್ಡು ಮಾಡಿ. ಮೊದಲನೆಯದು ಗೆಳೆಯರಿಗೆ, ಎರಡನೆಯದು ಹಿರಿಯರಿಗೆ, ಅಪರಿಚಿತರಿಗೆ, ಕಚೇರಿಯವರಿಗೆ:

- ಕ್ಷಮಿಸು, ಕ್ಷಮಿಸಿ: ಸ್ಕೂಜಾ, ಸ್ಕೂಜಿ
- ತಡಿ, ತಡೀರಿ: ಅಸ್ಪೆತ್ತಾ, ಅಸ್ಪೆತ್ತಿ
- ಕೇಳು, ಕೇಳಿ (ಗಮನ ಸೆಳೆಯಲು): ಸೆಂತಿ, ಸೆಂತಾ
- ಬಾ, ಬನ್ನಿ: ವ್ಯೇನಿ, ವೆಂಗಾ
- ಹೇಳು, ಹೇಳಿ: ದಿಮ್ಮಿ, ಮಿ ದೀಕಾ

ಎಚ್ಚರ ಎಲ್ಲಿ ಬೇಕು ನೋಡಿ. ಮೊದಲ ಎರಡು ಜೋಡಿಯಲ್ಲಿ ಮರ್ಯಾದೆಯ ರೂಪ 'ಇ'ಗೆ ಮುಗಿಯುತ್ತದೆ, ಉಳಿದ ಮೂರರಲ್ಲಿ 'ಆ'ಗೆ. 'ಸ್ಕೂಜಿ' ಮರ್ಯಾದೆಯಾದರೆ 'ಸೆಂತಿ'ಯೂ ಮರ್ಯಾದೆಯೇ ಇರಬೇಕು ಅಂದುಕೊಂಡು ಎಪ್ಪತ್ತರ ಅಜ್ಜಿಗೆ 'ಸೆಂತಿ' ಅಂದವರು ಏಕವಚನದಲ್ಲಿ ಕರೆದಂತಾಯಿತು. ಯಾವುದಕ್ಕೆ 'ಇ', ಯಾವುದಕ್ಕೆ 'ಆ' ಅನ್ನುವುದೇ ಮುಂದಿನ ಹಂತ.

## ಹಂತ 3: ಅಚ್ಚು (1 ವಾರ)

ಇಟಾಲಿಯನ್ ಕ್ರಿಯಾಪದಗಳ ಮೂಲರೂಪ 'ಆರೆ', 'ಎರೆ', 'ಈರೆ' ಎಂದು ಮೂರು ಬಗೆಯಲ್ಲಿ ಮುಗಿಯುತ್ತದೆ. 'ನಾನು' ರೂಪ ತೆಗೆದುಕೊಳ್ಳಿ, ಕೊನೆಯ 'ಒ' ತೆಗೆಯಿರಿ. 'ಆರೆ' ಗುಂಪಿಗೆ 'ಇ' ಹಚ್ಚಿ, ಮಿಕ್ಕೆರಡಕ್ಕೆ 'ಆ' ಹಚ್ಚಿ. ಪಾರ್ಲೊ (ಮಾತಾಡುತ್ತೇನೆ) ಇದ್ದದ್ದು ಪಾರ್ಲಿ, ಸ್ಕ್ರೀವೊ (ಬರೆಯುತ್ತೇನೆ) ಇದ್ದದ್ದು ಸ್ಕ್ರೀವಾ, ಫಿನೀಸ್ಕೊ (ಮುಗಿಸುತ್ತೇನೆ) ಇದ್ದದ್ದು ಫಿನೀಸ್ಕಾ.

ಇದನ್ನು ನೆನಪಿಡಲು ಒಂದು ತೋಳ ಸಾಕು. ಪರೀಕ್ಷೆಗೋ ಸಂದರ್ಶನಕ್ಕೋ ಹೊರಟವರಿಗೆ ಇಟಲಿಯಲ್ಲಿ 'ಇನ್ ಬೊಕ್ಕಾ ಅಲ್ ಲೂಪೊ' ಎಂದು ಹಾರೈಸುತ್ತಾರೆ. ಅಕ್ಷರಶಃ ಅರ್ಥ 'ತೋಳದ ಬಾಯೊಳಗೆ'. ಇದಕ್ಕೆ ಧನ್ಯವಾದ ಹೇಳಿದರೆ ಅಪಶಕುನ ಅನ್ನುತ್ತಾರೆ. ಕೊಡಬೇಕಾದ ಉತ್ತರ 'ಕ್ರೇಪಿ', ಅಂದರೆ ಅದು ಸಾಯಲಿ. ತೋಳದ ಮೇಲೆ ಕನಿಕರ ಇರುವ ಕೆಲವರು ಈಗ 'ವೀವಾ ಇಲ್ ಲೂಪೊ', ತೋಳ ಬಾಳಲಿ, ಅನ್ನುತ್ತಾರೆ. ಸಾಯುವ 'ಕ್ರೆಪಾರೆ' ಆರೆ ಗುಂಪಿನದು, ಹಾಗಾಗಿ 'ಕ್ರೇಪಿ'. ಬಾಳುವ 'ವೀವೆರೆ' ಎರೆ ಗುಂಪಿನದು, ಹಾಗಾಗಿ 'ವೀವಾ'. ಈರೆ ಗುಂಪಿಗೆ ಪುಚ್ಚೀನಿಯ 'ತುರಾಂದೋತ್' ಆಪೆರಾದ ಹಾಡು ಇಟ್ಟುಕೊಳ್ಳಿ, 1990ರ ಫುಟ್‌ಬಾಲ್ ವಿಶ್ವಕಪ್ಪಿನ ಹೊತ್ತಿಗೆ ಪವರೋತ್ತಿ ದನಿಯಲ್ಲಿ ಲೋಕಕ್ಕೆಲ್ಲ ಕೇಳಿದ್ದು: 'ನೆಸ್ಸುನ್ ದೊರ್ಮಾ', ಯಾರೂ ಮಲಗದಿರಲಿ. ಮೂಲರೂಪ 'ದೊರ್ಮೀರೆ'.

'ನಾನು' ರೂಪ ಅಂಕುಡೊಂಕಾಗಿದ್ದರೆ ಕೊಂಜುಂತೀವೊ ಕೂಡ ಅದನ್ನೇ ಹಿಂಬಾಲಿಸುತ್ತದೆ. ವೆಂಗೊ, ವೆಂಗಾ. ದೀಕೊ, ದೀಕಾ. ಪೊಸ್ಸೊ, ಪೊಸ್ಸಾ. ಹಿಂಬಾಲಿಸದೆ ಇರುವವು ಕೈಬೆರಳಿನಷ್ಟು: ಸೋನೊ ಇದ್ದದ್ದು ಸೀಯಾ, ಒ ಇದ್ದದ್ದು ಅಬ್ಬ್ಯಾ, ಸೊ ಇದ್ದದ್ದು ಸಪ್ಪ್ಯಾ, ದೊ ಇದ್ದದ್ದು ದೀಯಾ, ಸ್ತೊ ಇದ್ದದ್ದು ಸ್ತೀಯಾ. ಇವುಗಳ ಜೊತೆ 'ದೇವೊ' ಸಾಮಾನ್ಯವಾಗಿ 'ದೆಬ್ಬಾ' ಆಗುತ್ತದೆ. ಈ ಆರಕ್ಕೆ ಕೆಂಪು ಕಾರ್ಡು.

ಇಟಾಲಿಯನ್ನರೇ ಜಾರುವ ಜಾಗ ಇನ್ನೊಂದಿದೆ. ಹೋಗುವ 'ಅಂದಾರೆ', ಮಾಡುವ 'ಫಾರೆ' ಎರಡೂ ನೋಡಲು ಆರೆ ಗುಂಪಿನವು, ಆದರೆ 'ಆ' ಹಿಡಿಯುತ್ತವೆ: ವಾದಾ, ಫಚ್ಚಾ. ನಿಯಮ ನಂಬಿ 'ವಾದಿ', 'ಫಚ್ಚಿ' ಅಂದರೆ ಕೇಳಿದವರು ತುಟಿ ಬಿಗಿಹಿಡಿದು ನಗುತ್ತಾರೆ. ಪಾವ್ಲೊ ವಿಲ್ಲಾಜ್ಜೊ ಗುಮಾಸ್ತನಾಗಿ ನಟಿಸಿದ 1975ರ 'ಫಂತೊತ್ಸಿ' ಸಿನಿಮಾದ ಹಾಸ್ಯದಲ್ಲಿ ಇಂಥ ಕೆಟ್ಟ ಕೊಂಜುಂತೀವೊಗಳದ್ದೂ ಒಂದು ಪಾಲು. ಅಲ್ಲಿಂದೀಚೆಗೆ ಈ ತಪ್ಪು ಮಾಡಿದವರಿಗೆ ಆ ಪಾತ್ರದ ಹೆಸರೇ ಅಂಟುತ್ತದೆ.

ಬಹುವಚನ ಬೇಗ ಮುಗಿಯುತ್ತದೆ. 'ನಾವು' ರೂಪ ಸಾಮಾನ್ಯ ವರ್ತಮಾನದ್ದೇ, ಏನೂ ಕಲಿಯಬೇಕಿಲ್ಲ. 'ನೀವೆಲ್ಲ' ರೂಪಕ್ಕೆ ಕೊನೆಯ 'ಯಾಮೊ' ತೆಗೆದು 'ಯಾತೆ' ಹಾಕಿ. 'ಅವರು' ರೂಪಕ್ಕೆ ಏಕವಚನದ ಕೊನೆಗೆ 'ನೊ' ಸೇರಿಸಿ: ಪಾರ್ಲಿನೊ, ವೆಂಗಾನೊ. ಇವೆರಡರಲ್ಲೂ ಒತ್ತು ಮೊದಲ ಅಕ್ಷರದ ಮೇಲೆಯೇ ಇರಲಿ. 'ಪಾರ್ಲೀನೊ' ಅಂತ ನಡುವೆ ಎಳೆದರೆ ಕೇಳುವವರಿಗೆ ಅದು ಬೇರೇನೋ ಪದ.

ಕೊನೆಯದಾಗಿ, ನಾನು, ನೀನು, ಅವನು ಮೂವರಿಗೂ ರೂಪ ಒಂದೇ. ಸಾಮಾನ್ಯ ವಾಕ್ಯದಲ್ಲಿ ಕನ್ನಡದಂತೆಯೇ ಸರ್ವನಾಮ ಬಿಟ್ಟು ಮಾತಾಡಿ ಅಭ್ಯಾಸವಾಗಿರುತ್ತದೆ. ಇಲ್ಲಿ ಬಿಟ್ಟರೆ ಯಾರು ಅಂತ ತಿಳಿಯುವುದಿಲ್ಲ. ಮುಖ್ಯವಾಗಿ 'ನೀನು' ಇರುವಾಗ 'ಕೆ ತೂ ವೆಂಗಾ' ಎಂದು 'ತೂ' ಹಾಕಲೇಬೇಕು.

## ಹಂತ 4: ಎರಡು ಚೀಲ (1 ವಾರ)

ಈಗ 'ಕೆ' ಇರುವ ಉದ್ದ ವಾಕ್ಯಗಳು. ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿ.

ಎಡಗಡೆ ಕೊಂಜುಂತೀವೊ ಬೇಡುವವು: ಪೆನ್ಸೊ ಕೆ, ಕ್ರೇದೊ ಕೆ (ಅನ್ನಿಸುತ್ತದೆ), ಮಿ ಸೆಂಬ್ರಾ ಕೆ (ಹಾಗೆ ಕಾಣುತ್ತದೆ), ಸ್ಪೇರೊ ಕೆ (ಆಶಿಸುತ್ತೇನೆ), ವೊಲ್ಯೊ ಕೆ (ನನಗೆ ಬೇಕು), ಬಿಸೋನ್ಯಾ ಕೆ (ಆಗಲೇಬೇಕು), ಎ ಮೆಲ್ಯೊ ಕೆ (ಹೀಗಾದರೆ ಒಳ್ಳೆಯದು), ಒ ಪಾವೂರಾ ಕೆ (ಭಯ).

ಬಲಗಡೆ ಸಾಮಾನ್ಯ ರೂಪ ಸಾಕಾಗುವವು: ಸೊ ಕೆ (ಗೊತ್ತು), ಎ ವೇರೊ ಕೆ (ನಿಜ), ಸೋನೊ ಸಿಕೂರೊ ಕೆ (ಖಾತ್ರಿ), ವೇದೊ ಕೆ (ಕಾಣುತ್ತಿದೆ). ಇವುಗಳ ಜೊತೆ ಎರಡು ಕಳ್ಳ ದಾರಿ: 'ಸೆಕೊಂದೊ ಮೆ' (ನನ್ನ ಪ್ರಕಾರ) ಮತ್ತು 'ಫೊರ್ಸೆ' (ಬಹುಶಃ). ಅರ್ಥ ಅನುಮಾನದ್ದಾದರೂ ಇವೆರಡು ಕೊಂಜುಂತೀವೊ ಕೇಳುವುದಿಲ್ಲ. ಮಾತಿನ ನಡುವೆ ರೂಪ ಮರೆತುಹೋಯಿತೇ? 'ಪೆನ್ಸೊ ಕೆ' ಬಿಟ್ಟು 'ಸೆಕೊಂದೊ ಮೆ' ಅಂತ ಶುರು ಮಾಡಿ, ಮರ್ಯಾದೆ ಉಳಿಯುತ್ತದೆ. ಆದರೆ ಇದೇ ಚಾಳಿಯಾದರೆ ಕೊಂಜುಂತೀವೊ ಎಂದೂ ಬಾಯಿಗೆ ಬರುವುದಿಲ್ಲ.

ಇಲ್ಲಿ ಅತಿ ಹೆಚ್ಚು ಬೀಳುವ ಹಳ್ಳ: ಎರಡೂ ಕಡೆ ಒಬ್ಬರೇ ಕರ್ತೃ ಇರುವುದು. 'ನಾನು ಬರಬೇಕು ಅಂತಿದೀನಿ' ಅನ್ನುವಾಗ ಅನ್ನುವವನೂ ನಾನೇ, ಬರುವವನೂ ನಾನೇ. ಇಲ್ಲಿ 'ಕೆ' ಬರುವುದೇ ಇಲ್ಲ: 'ಪೆನ್ಸೊ ದಿ ವೆನೀರೆ'. ಬೇಕು ಅನ್ನುವುದಾದರೆ 'ದಿ' ಕೂಡ ಬೇಡ: 'ವೊಲ್ಯೊ ವೆನೀರೆ'. 'ವೊಲ್ಯೊ ಕೆ ಈಯೊ ವೆಂಗಾ' ಅಂತ ವ್ಯಾಕರಣ ಚೆನ್ನಾಗಿ ಓದಿದವರೇ ಬರೆಯುತ್ತಾರೆ. ಕೊಂಜುಂತೀವೊ ಸರಿಯಾಗಿದೆ, ವಾಕ್ಯ ತಪ್ಪು. 'ಕೆ' ಹೇಳುವ ಮುಂಚೆ ಕೇಳಿಕೊಳ್ಳಿ: ಇಲ್ಲಿ ಇಬ್ಬರಿದ್ದಾರೆಯೇ?

## ಹಂತ 5: ಇನ್ನೂ ಸಿಗದ ವಸ್ತು (4 ದಿನ)

ಸಸ್ಯಾಹಾರಿಗಳು ಈ ಹಂತವನ್ನು ವಿಮಾನ ಹತ್ತುವ ಮೊದಲೇ ಕಲಿತಿರಬೇಕು. ಕೈಯಲ್ಲಿರುವ ವಸ್ತುವಿನ ಬಗ್ಗೆ ಹೇಳಿದರೆ ಸಾಮಾನ್ಯ ರೂಪ. ಹುಡುಕುತ್ತಿರುವ, ಇದೆಯೋ ಇಲ್ಲವೋ ತಿಳಿಯದ ವಸ್ತುವಾದರೆ ಕೊಂಜುಂತೀವೊ.

'ಚೇರ್ಕೊ ಉನ್ ಫೊರ್ಮಾಜ್ಜೊ ಕೆ ನೊನ್ ಕೊಂತೆಂಗಾ ಕಾಲ್ಯೊ ಅನಿಮಾಲೆ': ಪ್ರಾಣಿಮೂಲದ ಹೆಪ್ಪು ಇಲ್ಲದಂಥ ಚೀಸ್ ಹುಡುಕುತ್ತಿದ್ದೇನೆ. ಕಾಲ್ಯೊ ಎಂದರೆ ಹಾಲು ಗಟ್ಟಿಮಾಡುವ ಹೆಪ್ಪು. ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ನಿಯಮದ ಪ್ರಕಾರವೇ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ, ಅದಕ್ಕೆ ಸಸ್ಯಾಹಾರಿ ಆವೃತ್ತಿ ಇಲ್ಲ. ಹಂತ 2ರ ಪ್ರೊವೊಲೋನೆಯೂ ಸಾಮಾನ್ಯವಾಗಿ ಹಾಗೆಯೇ. ಲೇಬಲ್ಲಿನ ಮೇಲೆ 'ಕಾಲ್ಯೊ ವೆಜೆತಾಲೆ' (ಸಸ್ಯಮೂಲದ ಹೆಪ್ಪು) ಅಥವಾ 'ಮಿಕ್ರೋಬಿಕೊ' (ಸೂಕ್ಷ್ಮಾಣುಗಳಿಂದ ಪಡೆದದ್ದು) ಎಂದಿದ್ದರೆ ತೆಗೆದುಕೊಳ್ಳಬಹುದು.

ಹೋಟೆಲಿನಲ್ಲಿ: 'ಚೆ ಉನ್ ಪ್ಯಾತ್ತೊ ಕೆ ನೊನ್ ಅಬ್ಬ್ಯಾ ನೆ ಕಾರ್ನೆ ನೆ ಪೆಶ್ಶೆ?' ಮಾಂಸ, ಮೀನು ಎರಡೂ ಇಲ್ಲದ ಅಡುಗೆ ಇದೆಯೇ? ಇಲ್ಲಿಗೆ ನಿಲ್ಲಿಸಬೇಡಿ. 'ಕಾರ್ನೆ ಇಲ್ಲ' ಅಂದ ತರಕಾರಿ ಸೂಪಿನಲ್ಲಿ ಮಾಂಸದ ಕಟ್ಟು ಇರಬಹುದು, ಅದನ್ನು 'ಬ್ರೋದೊ ದಿ ಕಾರ್ನೆ' ಎಂದು ಹೆಸರು ಹಿಡಿದೇ ಕೇಳಿ. ಪ್ಯಾದೀನಾ ರೊಟ್ಟಿಯಲ್ಲಿ 'ಸ್ತ್ರುತ್ತೊ', ಅಂದರೆ ಹಂದಿ ಕೊಬ್ಬು, ಇರುತ್ತದೆಯೇ ಎಂದೂ ಕೇಳಬೇಕು. ಪನ್ನಾ ಕೊತ್ತಾ ಅನ್ನುವ ಕೆನೆಯ ಸಿಹಿತಿಂಡಿ ಗಟ್ಟಿಯಾಗುವುದು ಪ್ರಾಣಿಮೂಲದ ಜೆಲಟಿನ್‌ನಿಂದ.

ಇದೇ ಜಾತಿಗೆ ಸೇರುವ ಇನ್ನೊಂದು ವಾಕ್ಯ ಇಟಲಿಯಲ್ಲಿ ಎಲ್ಲಿ ಹೇಳಿದರೂ ಫಲ ಕೊಡುತ್ತದೆ: 'ಎ ಇಲ್ ಕಫ್ಫೆ ಪ್ಯೂ ಬ್ವೋನೊ ಕೆ ಈಯೊ ಅಬ್ಬ್ಯಾ ಮಾಯಿ ಬೆವೂತೊ'. ನಾನು ಈವರೆಗೆ ಕುಡಿದ ಕಾಫಿಯಲ್ಲೇ ಇದು ಚೆನ್ನ. 'ಅತ್ಯಂತ' ಅನ್ನುವ ಮಾತು ಆದ ಮೇಲೆ ಕೊಂಜುಂತೀವೊ ಬರುತ್ತದೆ. ಕಾಫಿಯನ್ನು ಕೌಂಟರಿನ ಮುಂದೆ ನಿಂತೇ ಕುಡಿಯಿರಿ. ಮೇಜಿನ ಬಳಿ ಕೂತರೆ ಎಷ್ಟೋ ಕಡೆ ಬೆಲೆ ಏರುತ್ತದೆ.

## ಹಂತ 6: ಜೋಡಿಸುವ ಪದಗಳು (3 ದಿನ)

'ಪ್ರೀಮಾ ಕೆ' (ಆಗುವ ಮೊದಲು) ಕೊಂಜುಂತೀವೊ ಬೇಡುತ್ತದೆ, 'ದೋಪೊ ಕೆ' (ಆದ ಮೇಲೆ) ಬೇಡುವುದಿಲ್ಲ. ಮೊದಲನೆಯದು ಇನ್ನೂ ಆಗಿಲ್ಲ, ಎರಡನೆಯದು ಆಗಿಹೋಗಿದೆ. 'ಬೆಂಕೆ', 'ಸೆಬ್ಬೇನೆ' (ಆದರೂ) ಬೇಡುತ್ತವೆ. ಅದೇ ಅರ್ಥದ 'ಆಂಕೆ ಸೆ' ಬೇಡುವುದಿಲ್ಲ, ಇದಕ್ಕೆ ತರ್ಕ ಹುಡುಕಬೇಡಿ. 'ಸೆಂತ್ಸಾ ಕೆ' (ಆಗದಂತೆ), 'ಪುರ್ಕೆ' (ಆಗುವುದಾದರೆ ಮಾತ್ರ), 'ಆ ಮೇನೊ ಕೆ ನೊನ್' (ಆಗದ ಹೊರತು) ಮೂರೂ ಬೇಡುತ್ತವೆ.

ರೈಲು ನಿಲ್ದಾಣಕ್ಕೆ ಒಂದು ವಾಕ್ಯ: 'ಪ್ರೀಮಾ ಕೆ ಇಲ್ ತ್ರೇನೊ ಪಾರ್ತಾ, ಕೊನ್ವಾಲಿದಿ ಇಲ್ ಬಿಲ್ಯೆತ್ತೊ'. ರೈಲು ಹೊರಡುವ ಮೊದಲು ಟಿಕೆಟ್ಟಿಗೆ ಮುದ್ರೆ ಒತ್ತಿಸಿ. ಇದರಲ್ಲಿ ಪಾರ್ತಾ, ಕೊನ್ವಾಲಿದಿ ಎರಡೂ ಕೊಂಜುಂತೀವೊ. ಮಾತು ಕೂಡ ನಿಜ: ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ಯಂತ್ರದಲ್ಲಿ ತೂರಿಸದಿದ್ದರೆ, ದುಡ್ಡು ಕೊಟ್ಟು ಕೊಂಡಿದ್ದರೂ ದಂಡ ಬೀಳುತ್ತದೆ.

## ಹಂತ 7: ಹರಳುಗಟ್ಟಿದ ನುಡಿಗಳು (ಆಗಾಗ)

ಇವನ್ನು ಬಿಡಿಸಿ ನೋಡದೆ ಇಡಿಯಾಗಿ ನುಂಗಿ. ಕನ್ನಡದ 'ಆಗಲಿ' ಹೆಚ್ಚಿನವಕ್ಕೆ ಹೊಂದುತ್ತದೆ. 'ಕೊಸ್ತಿ ಕ್ವೆಲ್ ಕೆ ಕೊಸ್ತಿ', ಎಷ್ಟು ಖರ್ಚಾದರೂ ಆಗಲಿ. 'ವಾದಾ ಕೋಮೆ ವಾದಾ', ಹೇಗಾದರೂ ಆಗಲಿ. 'ಕೆ ಈಯೊ ಸಪ್ಪ್ಯಾ', ನನಗೆ ತಿಳಿದ ಮಟ್ಟಿಗೆ. 'ಸಿ ಸಾಲ್ವಿ ಕೀ ಪ್ವೊ', ಆದವರು ಪಾರಾಗಲಿ. 'ಕೊಸೀ ಸೀಯಾ', ಹಾಗೇ ಆಗಲಿ. ಪ್ರಾರ್ಥನೆಯ ಕೊನೆಯಲ್ಲಿ ಆಮೆನ್ ಬದಲು ಕೇಳುತ್ತದೆ. ಕ್ರೈಸ್ತರ ಪರಲೋಕ ಪ್ರಾರ್ಥನೆಯ ಇಟಾಲಿಯನ್ ರೂಪದಲ್ಲಿ ಸೀಯಾ, ವೆಂಗಾ, ಸೀಯಾ ಎಂದು ಸಾಲಾಗಿ ಮೂರು ಸಿಗುತ್ತವೆ. ಕನ್ನಡದಲ್ಲಿ 'ನಿನ್ನ ರಾಜ್ಯವು ಬರಲಿ' ಎಂದು ಹೇಳಿ ಬೆಳೆದವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ.

'ಮಗಾರಿ' ಒಂದಕ್ಕೆ ಎರಡು ಮುಖ. ಒಂಟಿಯಾಗಿ ಉದ್ಗಾರದಂತೆ ಬಂದರೆ 'ಹಾಗಾದ್ರೆ ಎಷ್ಟು ಚೆನ್ನ!'. ಲಾಟರಿ ಹೊಡೀತಂತೆ ಹೌದಾ ಅಂತ ಕೇಳಿದರೆ 'ಮಗಾರಿ!'. ವಾಕ್ಯದ ಮೊದಲಿಗೆ ಸಾಮಾನ್ಯ ರೂಪದೊಡನೆ ಬಂದರೆ ಬರೀ 'ಬಹುಶಃ'. 'ಮಗಾರಿ ದೊಮಾನಿ ವೆಂಗೊ' ಅಂದವರು ನಾಳೆ ಬಂದರೂ ಬಂದಾರು, ಕಾಯಬೇಡಿ.

## ಹಂತ 8: ಹಿಂದಿನ ಕಾಲ, 'ಸೆ' ಕಂಡರೆ 'ಸ್ಸ' (2 ವಾರ)

ವರ್ತಮಾನದ ರೂಪಗಳು ಯೋಚಿಸದೆ ಬರುವವರೆಗೆ ಇದಕ್ಕೆ ಕೈಹಾಕಬೇಡಿ. ರೂಪ ಕಟ್ಟುವುದು ಸುಲಭ: ಪಾರ್ಲಸ್ಸಿ, ವೆನಿಸ್ಸಿ, ಅವೆಸ್ಸಿ. ಹೆಚ್ಚಿನವುಗಳಲ್ಲಿ 'ಸ್ಸ' ಕೇಳುತ್ತದೆ. ಇರು ಅನ್ನುವುದಕ್ಕೆ ಫೊಸ್ಸಿ, ಫೊಸ್ಸಿ, ಫೊಸ್ಸೆ, ಫೊಸ್ಸಿಮೊ, ಫೊಸ್ತೆ, ಫೊಸ್ಸೆರೊ. ಕೊಡು, ಇರು ಅರ್ಥದ ದಾರೆ, ಸ್ತಾರೆಗಳಿಗೆ ದೆಸ್ಸಿ, ಸ್ತೆಸ್ಸಿ ಸರಿ. 'ದಸ್ಸಿ', 'ಸ್ತಸ್ಸಿ' ತಪ್ಪು.

ಬೇಕಾಗುವ ಜಾಗ ಮುಖ್ಯವಾಗಿ ಮೂರು. ಮೊದಲ ಕ್ರಿಯಾಪದ ಭೂತಕಾಲಕ್ಕೆ ಹೋದಾಗ: 'ಪೆನ್ಸಾವೊ ಕೆ ತೂ ಫೊಸ್ಸಿ ಇತಾಲ್ಯಾನೊ', ನೀನು ಇಟಾಲಿಯನ್ ಅಂದ್ಕೊಂಡಿದ್ದೆ. 'ವೊರ್ರೇಯಿ ಕೆ' ಬಂದಾಗ: 'ವೊರ್ರೇಯಿ ಕೆ ತೂ ವೆನಿಸ್ಸಿ', ನೀನು ಬಂದ್ರೆ ಚೆನ್ನಾಗಿತ್ತು. ಇಲ್ಲಿ 'ವೆಂಗಾ' ಹಾಕುವುದು ಚೆನ್ನಾಗಿ ಕಲಿತವರೂ ಮಾಡುವ ತಪ್ಪು. ಮೂರನೆಯದು, ಆಗದ ಮಾತಿನ 'ರೆ', ಇಟಾಲಿಯನ್ನಿನಲ್ಲಿ 'ಸೆ': 'ಸೆ ಅವೆಸ್ಸಿ ತೆಂಪೊ, ವೆರ್ರೇಯಿ', ಪುರುಸೊತ್ತು ಇದ್ದಿದ್ರೆ ಬರ್ತಿದ್ದೆ. ಎರಡು ಅರ್ಧಗಳಲ್ಲಿ ಯಾವುದಕ್ಕೆ ಯಾವುದು ಅಂತ ಗೊಂದಲವಾಗಿ 'ಸೆ ಅವ್ರೇಯಿ' ಅನ್ನುವವರು ಇಟಲಿಯಲ್ಲೂ ಬೇಕಾದಷ್ಟಿದ್ದಾರೆ, ಮೇಷ್ಟ್ರುಗಳು ಅದಕ್ಕೇ ಮೊದಲು ಕೆಂಪು ಗೀಟು ಹಾಕುವುದು. 'ಸೆ' ಕಂಡ ಅರ್ಧಕ್ಕೆ 'ಸ್ಸ', ಇನ್ನೊಂದಕ್ಕೆ 'ರೇಯಿ'. ನಿಜವಾಗಿ ಆಗಬಹುದಾದ ಮಾತಿಗೆ ಇದು ಯಾವುದೂ ಬೇಡ: 'ಸೆ ಪ್ಯೋವೆ, ನೊನ್ ಎಸ್ಕೊ', ಮಳೆ ಬಂದರೆ ಹೊರಗೆ ಹೋಗಲ್ಲ.

## ಹಂತ 9: ಒಂದು ಪತ್ರ ಬರೆದು ಪರೀಕ್ಷಿಸಿ

ಓದಲು, ಕೆಲಸಕ್ಕೆ ಹೋದವರು ಬೇಗನೆ ಬರೆಯಬೇಕಾಗಿ ಬರುವುದು ಮನೆ ಮಾಲೀಕರಿಗೆ. ಬಿಸಿನೀರಿನ ಬಾಯ್ಲರ್ ಕೆಟ್ಟಿದೆ ಅಂದುಕೊಳ್ಳಿ.

'ಜೆಂತೀಲೆ ಸಿನ್ಯೋರಾ, ಲೆ ಸ್ಕ್ರೀವೊ ಪೆರ್ಕೆ ಲಾ ಕಲ್ದಾಯಾ ನೊನ್ ಫುಂತ್ಸ್ಯೋನಾ. ಕ್ರೇದೊ ಕೆ ಚಿ ಸೀಯಾ ಉನಾ ಪೆರ್ದಿತಾ. ಎ ಇಂಪೊರ್ತಾಂತೆ ಕೆ ಉನ್ ತೆಕ್ನಿಕೊ ವೆಂಗಾ ಎಂತ್ರೊ ವೆನೆರ್ದೀ. ಮಿ ಫಚ್ಚಾ ಸಪೇರೆ.'

ಅಮ್ಮಾ, ಬಾಯ್ಲರ್ ಕೆಲಸ ಮಾಡುತ್ತಿಲ್ಲವೆಂದು ಬರೆಯುತ್ತಿದ್ದೇನೆ. ಎಲ್ಲೋ ಸೋರುತ್ತಿರಬಹುದು. ಶುಕ್ರವಾರದೊಳಗೆ ರಿಪೇರಿಯವರು ಬರುವುದು ಮುಖ್ಯ. ತಿಳಿಸಿ.

ಕೆಟ್ಟಿರುವುದು ಖಾತ್ರಿ, ಹಾಗಾಗಿ 'ಫುಂತ್ಸ್ಯೋನಾ' ಸಾಮಾನ್ಯ ರೂಪ. ಇಲ್ಲಿ 'ಪೆರ್ಕೆ' ಎಂದರೆ ಯಾಕೆಂದರೆ. ಅದೇ 'ಪೆರ್ಕೆ' ಆಗಲಿ ಎಂದು ಅನ್ನುವ ಅರ್ಥದಲ್ಲಿ ಬಂದರೆ ಕೊಂಜುಂತೀವೊ ಹಿಡಿಯುತ್ತದೆ. ಸೋರಿಕೆ ಊಹೆ, ಹಾಗಾಗಿ ಸೀಯಾ. ರಿಪೇರಿಯವರು ಇನ್ನೂ ಬಂದಿಲ್ಲ, ವೆಂಗಾ. ಕೊನೆಯದು ಮರ್ಯಾದೆಯ ಫಚ್ಚಾ. ಇದೇ ಅಚ್ಚಿನಲ್ಲಿ ಬೀಗ, ಇಂಟರ್ನೆಟ್, ಬಾಡಿಗೆ ರಸೀದಿ ಬಗ್ಗೆ ಮೂರು ಪತ್ರ ಬರೆಯಿರಿ.

## ದಾರಿ ತಪ್ಪಿದ್ದಕ್ಕೆ ಗುರುತುಗಳು

ವಾರಕ್ಕೊಮ್ಮೆ ಎರಡು ನಿಮಿಷ ಮಾತಾಡಿ ಮುದ್ರಿಸಿ, ಕೇಳಿ. 'ಪೆನ್ಸೊ ಕೆ' ಆದ ಮೇಲೆ 'ಎ', 'ಆ', 'ವ್ಯೇನೆ' ಕೇಳಿದರೆ ಹಂತ 1ಕ್ಕೆ ಹಿಂದಿರುಗಿ, ತಪ್ಪು ಕನ್ನಡದಲ್ಲೇ ಹುಟ್ಟಿದೆ. ಒಂದೂ ಕೊಂಜುಂತೀವೊ ಇಲ್ಲದೆ ಬರೀ 'ಸೆಕೊಂದೊ ಮೆ' ಕೇಳಿದರೆ ಕಳ್ಳ ದಾರಿ ರೂಢಿಯಾಗಿದೆ, ಹಂತ 4. ಎಲ್ಲ ವಾಕ್ಯಕ್ಕೂ ಕೊಂಜುಂತೀವೊ ಹಾಕುತ್ತಿದ್ದರೆ, 'ಸೊ ಕೆ ಸೀಯಾ' ಅನ್ನುವಷ್ಟು, ಕಲಿತದ್ದು ಅತಿಯಾಗಿದೆ. ಬಲಗಡೆಯ ಚೀಲ ಮತ್ತೆ ಓದಿ.

ರೋಮಿನ ಬೀದಿಯಲ್ಲಿ 'ಪೆನ್ಸೊ ಕೆ ಎ' ಕಿವಿಗೆ ಬಿದ್ದೇ ಬೀಳುತ್ತದೆ. ಅದನ್ನು ಅನುಕರಿಸುವ ಆಸೆ ಬೇಡ. ಅಲ್ಲಿಯವರು ಆಡಿದರೆ ಸಲಿಗೆ, ನಾವು ಆಡಿದರೆ ಬರದೆ ಆಡಿದ್ದು. ಬರವಣಿಗೆಯಲ್ಲಂತೂ ಅವರಿಗೂ ಮಾಫಿ ಇಲ್ಲ. ರಾಜಕಾರಣಿಯೊಬ್ಬರು ಕೊಂಜುಂತೀವೊ ತಪ್ಪಿದರೆ ಪತ್ರಿಕೆಗಳಿಗೆ ಅದೇ ಸುದ್ದಿ. ಸಿಯೇನಾದ ವಿದೇಶಿಯರ ವಿಶ್ವವಿದ್ಯಾಲಯದ ಚಿಲ್ಸ್, ಪೆರೂಜಾದ ಚೆಲಿ ಎಂಬ ಇಟಾಲಿಯನ್ ಭಾಷಾ ಪರೀಕ್ಷೆ ಬರೆಯುವವರು, ಯುರೋಪಿನ ಭಾಷಾ ಶ್ರೇಣಿಯ ನಡುಮಟ್ಟಗಳಾದ ಬಿ1, ಬಿ2ಗಳಲ್ಲಿ, ಬಿ1 ಮಟ್ಟಕ್ಕೆ ಹಂತ 1ರಿಂದ 6, ಬಿ2ಕ್ಕೆ ಎಲ್ಲವನ್ನೂ ತಯಾರಿಟ್ಟುಕೊಳ್ಳಿ. ಮದುವೆಯ ಮೂಲಕ ಅಥವಾ ವಾಸದ ಆಧಾರದ ಮೇಲೆ ಇಟಲಿಯ ಪೌರತ್ವ ಕೇಳುವವರಿಗೆ 2018ರ ಡಿಸೆಂಬರಿನಿಂದ ಬೇಕಾಗಿರುವುದು ಬಿ1.

ಇಷ್ಟೆಲ್ಲ ಕಲಿತು ಅಂಗಡಿಯವರಿಗೋ ಸಹೋದ್ಯೋಗಿಗೋ ಚೆಂದವಾಗಿ 'ಮಿ ದೀಯಾ', 'ಮಿ ದೀಕಾ' ಅನ್ನುತ್ತಿರುವಾಗ ಅವರು 'ದ್ಯಾಮೊಚಿ ದೆಲ್ ತೂ' ಅಂದರೆ, 'ಇನ್ನು ನೀವು-ತಾವು ಸಾಕು, ನೀನು ಅಂತಲೇ ಮಾತಾಡೋಣ' ಅಂತ ಅರ್ಥ. ಆ ಕ್ಷಣದಿಂದ ಹಂತ 2ರ ರೂಪಗಳೆಲ್ಲ ಬಿಟ್ಟು 'ದಮ್ಮಿ', 'ದಿಮ್ಮಿ'ಗೆ ಇಳಿಯಬೇಕು. ಹಳೆಯದನ್ನೇ ಹಿಡಿದರೆ ಸಲಿಗೆ ಬೇಡ ಅಂದಹಾಗೆ. ಎದುರಿನವರು ವಯಸ್ಸಿನಲ್ಲಿ ಹಿರಿಯರಾದರೆ ಆ ಮಾತು ಅವರ ಬಾಯಿಂದಲೇ ಬರಲಿ, ನೀವು ಮುಂದಾಗಬೇಡಿ.